ಎರಡು ಸೇನೆಗಳ ಒಂದು ಹೂವು

ದೆಹಲಿಯಲ್ಲಿ ಚಳಿ ಇಳಿಯತೊಡಗುವ ಫೆಬ್ರವರಿಯ ದಿನಗಳಲ್ಲಿ ಸರ್ಕಾರಿ ಕಚೇರಿಗಳ ಹೂಪಾತಿಗಳಲ್ಲಿ ಅಚ್ಚ ನೀಲಿಯ ಒಂದು ಹೂವು ಕಣ್ಣಿಗೆ ಬೀಳುತ್ತದೆ. ಕಾರ್ನ್‌ಫ್ಲವರ್ ಎಂಬ ಹೆಸರನ್ನು ನಾವು ಇಂಗ್ಲಿಷ್ ಎಂ.ಎ. ಓದುವಾಗಲೇ ಕೇಳಿದ್ದೆವು, ಹೂವನ್ನು ಕಂಡದ್ದು ಮಾತ್ರ ನೌಕರಿಗೆಂದು ಇಲ್ಲಿಗೆ ಬಂದ ಮೇಲೆ. ಬಾಗಿ ನೋಡಿದಾಗ, ದಳಗಳ ಕೆಳಗೆ ಒಂದರ ಮೇಲೊಂದು ಹೊದಿಸಿದಂತಿದ್ದ ಗಟ್ಟಿ ಹುರುಪೆಗಳು ಬಿಜಾಪುರ ಸೀಮೆಯ ಕುಸುಬೆಯನ್ನು ನೆನಪಿಗೆ ತಂದವು. ಅದು ಬರಿಯ ಭ್ರಮೆಯಾಗಿರಲಿಲ್ಲ. ಇಂಗ್ಲಿಷಿನಲ್ಲಿ ನ್ಯಾಪ್‌ವೀಡ್ ಎನಿಸಿಕೊಳ್ಳುವ ಸೆಂಟಾರಿಯಾ ಜಾತಿಯ ಕಾಡುಹೂಗಳು, ಮುಳ್ಳಿನ ಥಿಸಲ್‌ಗಳು ಮತ್ತು ಕುಸುಬೆ ಸೂರ್ಯಕಾಂತಿಯ ಕುಟುಂಬದೊಳಗಿನ ಒಂದೇ ಬಳಗಕ್ಕೆ ಸೇರಿದವು. ಕಾರ್ನ್‌ಫ್ಲವರ್ ಈ ಸೆಂಟಾರಿಯಾಗಳಲ್ಲಿ ಒಂದು.

ಗ್ರೀಕ್ ಪುರಾಣದ ವೈದ್ಯ, ಅರ್ಧ ಮನುಷ್ಯ ಅರ್ಧ ಕುದುರೆಯಾದ ಸೆಂಟಾರ್ ಕೈರಾನನಿಂದ ಈ ಜಾತಿಗೆ ಹೆಸರು ಬಂದಿದೆ. ಗಾಯ ಮಾಯಿಸಿದ ಮೂಲಿಕೆಯೆಂಬ ಕೀರ್ತಿ ಹೆಸರಿನಲ್ಲೇ ಉಳಿಯಿತು. ಈಜಿಪ್ಟಿನಲ್ಲಿ ಇದರ ಬಂಧುವಿಗೆ ರಾಜಮರ್ಯಾದೆಯೂ ದೊರಕಿತ್ತು. 1922ರಲ್ಲಿ ಹೊವಾರ್ಡ್ ಕಾರ್ಟರ್ ಪತ್ತೆಹಚ್ಚಿದ ತುತಾಂಖಾಮನ್‌ನ ಸಮಾಧಿಯಲ್ಲಿ, ಸುಮಾರು 3,300 ವರ್ಷ ಹಳೆಯ ಹೂಮಾಲೆಗಳೊಳಗೆ ನೀಲಿ ಸೆಂಟಾರಿಯಾ ಹೂಗಳು ಸಿಕ್ಕಿದವು.

ಯುರೋಪಿನ ರೈತನಿಗೆ ಮಾತ್ರ ಇದು ಕಳೆ. ಗೋಧಿ, ರೈ ಧಾನ್ಯಗಳ ನಡುವೆ ಬೆಳೆದು, ತನ್ನ ಬಿರುಸು ಕಾಂಡದಿಂದ ಕುಡುಗೋಲಿನ ಅಲಗನ್ನು ಮೊಂಡಾಗಿಸುತ್ತಿತ್ತು. ಇಂಗ್ಲೆಂಡಿನ ಹಳ್ಳಿಗರು ಅದನ್ನು ‘ಹರ್ಟ್‌ಸಿಕಲ್’, ಅಂದರೆ ಕುಡುಗೋಲನ್ನು ನೋಯಿಸುವುದು, ಎಂದು ಕರೆದರು.

ಈ ಕಳೆಯನ್ನು 19ನೆಯ ಶತಮಾನದ ರಾಜಕೀಯ ಎತ್ತಿಕೊಂಡಿತು. 1806ರಲ್ಲಿ ನೆಪೋಲಿಯನ್ನನ ಸೇನೆಗೆ ಸೋತು ಪಲಾಯನ ಮಾಡುವಾಗ, ಪ್ರಷ್ಯಾದ ರಾಣಿ ಲೂಯಿಸ್ ಹೊಲದಲ್ಲಿ ಮಕ್ಕಳನ್ನು ಸಮಾಧಾನಪಡಿಸಲು ಈ ಹೂಗಳಿಂದ ಮಾಲೆ ಕಟ್ಟಿದಳೆಂಬ ಐತಿಹ್ಯವಿದೆ. ಅವಳ ಮಗ ವಿಲ್ಹೆಲ್ಮ್ 1871ರಲ್ಲಿ, ಸೋತ ಫ್ರಾನ್ಸಿನ ವರ್ಸಾಯ್ ಅರಮನೆಯಲ್ಲೇ, ಜರ್ಮನಿಯ ಚಕ್ರವರ್ತಿಯೆಂದು ಘೋಷಿತನಾದನು. ಅವನಿಗೆ ಪ್ರಿಯವಾದ ಆ ಹೂವು ಜರ್ಮನ್ ಅಭಿಮಾನದ ಗುರುತಾಯಿತು.

ಅದೇ ಹೂವನ್ನು ಫ್ರಾನ್ಸ್ ‘ಬ್ಲೂಯೆ’ ಎಂದು ಕರೆಯಿತು. ಮೊದಲ ಮಹಾಯುದ್ಧದಲ್ಲಿ ನೀಲಿ ಸಮವಸ್ತ್ರ ತೊಟ್ಟು ಕಂದಕಗಳಿಗೆ ಬಂದ ಎಳೆಯ ಸೈನಿಕರಿಗೂ ಆ ಹೆಸರೇ ಅಡ್ಡಹೆಸರಾಯಿತು. ಪ್ಯಾರಿಸಿನ ಇನ್ವಾಲೀದ್‌ನಲ್ಲಿ ಶಾರ್ಲೋಟ್ ಮಾಲ್ತೇರ್ ಮತ್ತು ಸುಝಾನ್ ಲೆನಾರ್ ಎಂಬ ಇಬ್ಬರು ಮಹಿಳೆಯರು, ಅಂಗವಿಕಲರಾದ ಸೈನಿಕರ ಕೈಯಲ್ಲಿ ಬಟ್ಟೆಯ ನೀಲಿ ಹೂಗಳನ್ನು ಮಾಡಿಸಿ ಮಾರುವ ಏರ್ಪಾಡು ಮಾಡಿದರು. ಒಂದು ಸೇನೆಯ ಚಕ್ರವರ್ತಿಯ ಹೂವು ಎದುರಿನ ಸೇನೆಯ ಗಾಯಾಳುಗಳ ಜೀವನೋಪಾಯವಾಯಿತು. ನವೆಂಬರ್ 11ರಂದು ಫ್ರೆಂಚರು ಇಂದಿಗೂ ಅದನ್ನು ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ.

ಆದರೆ ಹೂವಿನ ಪಾಡು ಅಲ್ಲಿಗೆ ಮುಗಿಯಲಿಲ್ಲ. 1933ರಲ್ಲಿ ಆಸ್ಟ್ರಿಯಾದಲ್ಲಿ ನಾಜಿ ಪಕ್ಷ ನಿಷೇಧಗೊಂಡಾಗ, ಅದರ ಬೆಂಬಲಿಗರು ಗುಟ್ಟಿನ ಗುರುತಾಗಿ ಧರಿಸಿದ್ದೂ ಈ ಹೂವನ್ನೇ. ಇತ್ತ ಎಸ್ಟೋನಿಯಾದ ಜನರಿಗೆ ಅದು ‘ರೈ ಹೂವು’, ತಮ್ಮ ರೊಟ್ಟಿಯ ಹೊಲದ ಒಡನಾಡಿ. 1968ರಿಂದ ಅದೇ ಅವರ ರಾಷ್ಟ್ರೀಯ ಪುಷ್ಪ. ಒಂದು ಕಡೆ ದ್ವೇಷದ ಗುರುತು, ಇನ್ನೊಂದು ಕಡೆ ಅನ್ನದ ನೆನಪು. ಹೂವು ಎಲ್ಲಿಯೂ ತಾನಾಗಿ ಪಕ್ಷ ವಹಿಸಿರಲಿಲ್ಲ.

ಯುದ್ಧಗಳನ್ನು ದಾಟಿದ ಈ ಹೂವು ಸೋತದ್ದು ಬೇಸಾಯಕ್ಕೆ. ಉತ್ತ ನೆಲವನ್ನೇ ನಂಬಿದ ಗಿಡವಿದು. ಬಿತ್ತನೆ ಬೀಜವನ್ನು ಯಂತ್ರಗಳು ಹಸನುಮಾಡತೊಡಗಿ, ಎರಡನೆಯ ಮಹಾಯುದ್ಧದ ತರುವಾಯ ಕಳೆನಾಶಕಗಳು ಹೊಲ ಹೊಕ್ಕ ಮೇಲೆ, ಬ್ರಿಟನ್ನಿನ ಗೋಧಿಹೊಲಗಳಿಂದ ಅದು ಬಹುಮಟ್ಟಿಗೆ ಕಣ್ಮರೆಯಾಯಿತು. ಈಗ ಅಲ್ಲಿ ಕೆಲವು ರೈತರು ಹೊಲದ ಅಂಚಿಗೆ ಔಷಧ ಸಿಂಪಡಿಸದೆ, ಇಂಥ ಹೂಗಳಿಗೆಂದೇ ಒಂದಿಷ್ಟು ನೆಲ ಬಿಡುತ್ತಾರೆ.

ನಮ್ಮ ಕಡೆಯ ಎರೆಹೊಲಗಳಲ್ಲೂ ಜೋಳದ ಸುತ್ತ, ದನ ನುಗ್ಗದಂತೆ, ಮುಳ್ಳಿನ ಕುಸುಬೆಯನ್ನು ಅಂಚಿಗೆ ಬಿತ್ತುವ ವಾಡಿಕೆಯಿದೆ. ಅದರ ಎಳೆಯ ಎಲೆ ಪಲ್ಯಕ್ಕೆ, ಬೀಜ ಗಾಣಕ್ಕೆ. ಆದ್ದರಿಂದಲೇ ಅದನ್ನು ಯಾರೂ ಕಳೆಯೆನ್ನಲಿಲ್ಲ. ದೆಹಲಿಯ ಹೂಪಾತಿಯ ಮುಂದೆ ನಿಂತಾಗ ನಮಗೆ ನೆನಪಾದದ್ದು ಆ ಅಂಚು. ಒಂದೇ ಬಳಗದ ಎರಡು ಗಿಡಗಳಲ್ಲಿ ಒಂದನ್ನು ಮನುಷ್ಯ ಅಂಚಿನಲ್ಲಿ ನಿಲ್ಲಿಸಿ ಕಾವಲಿಗೆ ಇಟ್ಟುಕೊಂಡ. ಇನ್ನೊಂದನ್ನು ಹೊಲದಿಂದ ಓಡಿಸಿ, ಈಗ ಅದೇ ಅಂಚಿಗೆ ಮರಳಿ ಕರೆಯುತ್ತಿದ್ದಾನೆ.