ಕೊಟ್ಟಿದ್ದು ಯಾರನ್ನು, ಉಳಿಸಿಕೊಂಡಿದ್ದು ಯಾರನ್ನು: ವಾರಿಯರ್ಸ್ ತಂಡದ ಇಬ್ಬರು ಗಾರ್ಡ್‌ಗಳ ಕಥೆ

2012ರ ಮಾರ್ಚ್ 19ರ ರಾತ್ರಿ ಅಮೆರಿಕದ ಓಕ್ಲಂಡ್ ನಗರದ ಕ್ರೀಡಾಂಗಣ ತುಂಬಿತ್ತು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಬಾಸ್ಕೆಟ್‌ಬಾಲ್ ತಂಡದ ಹಳೆಯ ಆಟಗಾರ ಕ್ರಿಸ್ ಮಲಿನ್ ಅವರಿಗೆ ಅಂದು ಸನ್ಮಾನ. ತಂಡದ ಮಾಲೀಕ ಜೋ ಲೇಕಬ್ ಮೈಕ್ ಹಿಡಿದ ಕೂಡಲೇ ಜನ ಕೂಗಾಡಿ ಮಾತನಾಡಲು ಬಿಡಲಿಲ್ಲ. ಸಿಟ್ಟಿಗೆ ಕಾರಣ ಆರು ದಿನ ಹಿಂದಿನ ಒಂದು ತೀರ್ಮಾನ. ತಂಡದಲ್ಲಿದ್ದ ಇಬ್ಬರು ಯುವ ಗಾರ್ಡ್‌ಗಳಲ್ಲಿ ಜನ ಹೆಚ್ಚು ಇಷ್ಟಪಡುತ್ತಿದ್ದವನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟಿದ್ದರು.

ಗಾರ್ಡ್ ಅಂದರೆ ಚೆಂಡನ್ನು ಪುಟಿಸುತ್ತಾ ಮುಂದೆ ತರುವವನು, ಹೊರಗಿನಿಂದ ಬುಟ್ಟಿಗೆ ಗುರಿ ಇಡುವವನು. ಸಾಮಾನ್ಯವಾಗಿ ತಂಡದಲ್ಲಿ ಗಿಡ್ಡ ಇರುವವರು ಇವರೇ. ಕೊಟ್ಟ ಹುಡುಗ ಮೊಂಟಾ ಎಲ್ಲಿಸ್, ಆಗ 26 ವರ್ಷ. ಉಳಿದವನು ಸ್ಟೀಫನ್ ಕರಿ, ಮರುದಿನ 24 ತುಂಬಲಿತ್ತು. ಇಬ್ಬರೂ ಸುಮಾರು ಆರು ಅಡಿ ಮೂರು ಇಂಚು ಎತ್ತರ.

ಎಲ್ಲಿಸ್ ಮಿಸಿಸಿಪಿ ರಾಜ್ಯದ ಜಾಕ್ಸನ್‌ನವನು. ಕಾಲೇಜು ಮೆಟ್ಟಿಲು ಹತ್ತದೆ ಹೈಸ್ಕೂಲಿನಿಂದಲೇ 2005ರಲ್ಲಿ ಎನ್‌ಬಿಎ ಸೇರಿದ. ಆ ವರ್ಷದ ಆಯ್ಕೆಯಲ್ಲಿ ಅವನದು 40ನೇ ಸರದಿ. ಎರಡೇ ವರ್ಷದಲ್ಲಿ, ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಸುಧಾರಿಸಿದ ಆಟಗಾರ ಎಂಬ ಪ್ರಶಸ್ತಿ ಪಡೆದ. ಅವನ ಬಲ ವೇಗ. ಎದುರಾಳಿ ತಿರುಗುವಷ್ಟರಲ್ಲಿ ಬುಟ್ಟಿಯ ಕೆಳಗಿರುತ್ತಿದ್ದ.

ಕರಿಯ ತಂದೆ ಡೆಲ್ ಕರಿ ಕೂಡ ಎನ್‌ಬಿಎಯಲ್ಲಿ ದೂರದ ಗುರಿಗೆ ಹೆಸರಾದವರು. ಆದರೂ ಮಗ ಸಣಕಲ ಎಂದು ದೊಡ್ಡ ಕಾಲೇಜುಗಳು ಕರೆಯಲಿಲ್ಲ. ಡೇವಿಡ್ಸನ್ ಎಂಬ ಸಣ್ಣ ಕಾಲೇಜಿನಲ್ಲಿ ಆಡಿ, 2009ರಲ್ಲಿ 7ನೆಯವನಾಗಿ ಆಯ್ಕೆಯಾದ. ಅವನು ಬಂದ ಹೊಸದರಲ್ಲೇ ಎಲ್ಲಿಸ್ ಪತ್ರಕರ್ತರ ಮುಂದೆ, ಇಬ್ಬರು ಗಿಡ್ಡರನ್ನು ಒಟ್ಟಿಗೆ ಆಡಿಸಿದರೆ ಗೆಲ್ಲಲಾಗದು ಎಂದು ನೇರವಾಗಿ ಹೇಳಿದ್ದ.

ಆ ಮಾತು ಸುಳ್ಳಾಗಲಿಲ್ಲ. ಮೊದಲ ವರ್ಷ 82 ಪಂದ್ಯಗಳಲ್ಲಿ ತಂಡ ಗೆದ್ದದ್ದು 26, ಮರುವರ್ಷ 36. ಕಬಡ್ಡಿ ತಂಡದಲ್ಲಿ ಇಬ್ಬರು ಒಳ್ಳೆಯ ರೈಡರ್‌ಗಳಿದ್ದು ಹಿಡಿಯುವವರೇ ಇಲ್ಲದಿದ್ದರೆ ಹೇಗೋ ಹಾಗೆ. ಬುಟ್ಟಿ ಕಾಯಲು ಎತ್ತರದವನೊಬ್ಬ ಬೇಕಿತ್ತು. ಅವನನ್ನು ತರಬೇಕೆಂದರೆ ಬೆಲೆ ಇರುವ ಯಾರನ್ನಾದರೂ ಕೊಡಬೇಕಿತ್ತು.

ಯಾರನ್ನು? ಸ್ಕೋರ್ ನೋಡಿದವರಿಗೆ ಉತ್ತರ ಸುಲಭ. 2010-11ರಲ್ಲಿ ಎಲ್ಲಿಸ್ ಪಂದ್ಯಕ್ಕೆ ಸರಾಸರಿ 24.1 ಅಂಕ ಗಳಿಸಿದ, ಕರಿ 18.6. ಸಾಲದ್ದಕ್ಕೆ ಕರಿಯ ಬಲಗಾಲಿನ ಪಾದದ ಕೀಲು ಪದೇ ಪದೇ ಉಳುಕುತ್ತಿತ್ತು. 2011ರಲ್ಲಿ ಶಸ್ತ್ರಚಿಕಿತ್ಸೆ ಆಗಿದ್ದರೂ 2011-12ರಲ್ಲಿ ಆಡಲು ಆದದ್ದು 26 ಪಂದ್ಯ ಮಾತ್ರ.

ಆದರೆ ಇನ್ನೊಂದು ಲೆಕ್ಕವೂ ಇತ್ತು. ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಬುಟ್ಟಿಯ ಸುತ್ತ ಕಮಾನಿನಂತೆ ಒಂದು ಗೆರೆ ಇರುತ್ತದೆ. ಅದರ ಒಳಗಿನಿಂದ ಹಾಕಿದರೆ 2 ಅಂಕ, ಹೊರಗಿನಿಂದ ಹಾಕಿದರೆ 3. ಎನ್‌ಬಿಎ 1979ರಲ್ಲಿ ಈ ಗೆರೆ ತಂದಿತು. ಒಳಗಿನಿಂದ ನೂರು ಸಲ ಎಸೆದು 50 ಬಿದ್ದರೆ 100 ಅಂಕ. ಅದೇ 2010-11ರಲ್ಲಿ ಗೆರೆಯ ಹೊರಗಿನಿಂದ ಕರಿಯ ಎಸೆತ ನೂರಕ್ಕೆ 44ರಂತೆ ಬೀಳುತ್ತಿತ್ತು. ಅಂದರೆ 132 ಅಂಕ. ಎಲ್ಲಿಸ್‌ನದು ನೂರಕ್ಕೆ 36, ಅಂದರೆ 108. ಯಾರೂ ಅಡ್ಡ ಬರದ ಫ್ರೀ ಥ್ರೋದಲ್ಲಿ ಆ ವರ್ಷ ಇಡೀ ಲೀಗ್‌ಗೆ ಕರಿಯೇ ಮೊದಲಿಗ. ವಯಸ್ಸಾದಂತೆ ಓಟ ತಗ್ಗುತ್ತದೆ, ಕೈಗುರಿ ಅಷ್ಟು ಬೇಗ ತಗ್ಗುವುದಿಲ್ಲ.

ತಂಡ ಎಲ್ಲಿಸ್‌ನನ್ನು ಮಿಲ್ವಾಕಿಗೆ ಕೊಟ್ಟು ಏಳು ಅಡಿಯ ಆಂಡ್ರ್ಯೂ ಬೋಗಟ್‌ನನ್ನು ತಂದಿತು. ಬೋಗಟ್ ಕೂಡ ಆಗ ಗಾಯಾಳು! ಏಪ್ರಿಲ್‌ನಲ್ಲಿ ಕರಿಯ ಕಾಲಿಗೆ ಮತ್ತೆ ಶಸ್ತ್ರಚಿಕಿತ್ಸೆ ಆಯಿತು. ಅಕ್ಟೋಬರ್‌ನಲ್ಲಿ ನಾಲ್ಕು ವರ್ಷಕ್ಕೆ 4 ಕೋಟಿ 40 ಲಕ್ಷ ಡಾಲರ್ ಒಪ್ಪಂದ. ಕಾಲಿನ ಭಯವಿಲ್ಲದಿದ್ದರೆ ಇನ್ನೂ ಹೆಚ್ಚು ಸಿಗುತ್ತಿತ್ತು.

ಮುಂದಿನದು ದಾಖಲೆಯಲ್ಲಿದೆ. ಸೊಂಟ, ತೊಡೆಯ ಬಲ ಹೆಚ್ಚಿಸುವ ವ್ಯಾಯಾಮದಿಂದ ಪಾದದ ಮೇಲಿನ ಭಾರ ಕಡಿಮೆಯಾಯಿತು. 2012-13ರಲ್ಲಿ ಕರಿ ಹಾಕಿದ ಮೂರಂಕದ ಬುಟ್ಟಿ 272, ಆಗಿನ ದಾಖಲೆ. 2015ರಲ್ಲಿ ವಾರಿಯರ್ಸ್ 40 ವರ್ಷಗಳ ನಂತರ ಚಾಂಪಿಯನ್ ಆಯಿತು, ಬೋಗಟ್ ಕೂಡ ಆ ತಂಡದಲ್ಲಿದ್ದ. 2015-16ರಲ್ಲಿ ಕರಿಯ ಮೂರಂಕದ ಬುಟ್ಟಿಗಳು 402ಕ್ಕೆ ಏರಿದವು. ಆ ವರ್ಷ ಅತ್ಯುತ್ತಮ ಆಟಗಾರ ಪ್ರಶಸ್ತಿಗೆ ಎಲ್ಲ ಮತಗಳೂ ಅವನಿಗೇ ಬಿದ್ದವು. ಅಲ್ಲಿಯವರೆಗೆ ಯಾರಿಗೂ ಹಾಗೆ ಆಗಿರಲಿಲ್ಲ.

ಎಲ್ಲಿಸ್ ಸೋತವನೇನಲ್ಲ. ಹನ್ನೆರಡು ವರ್ಷ ಎನ್‌ಬಿಎಯಲ್ಲಿ ಆಡಿದ. ಆದರೆ 2017ರ ನಂತರ, 31ರ ವಯಸ್ಸಿನಲ್ಲೇ, ಅಲ್ಲಿ ಅವನ ಆಟ ಮುಗಿಯಿತು. ಕರಿ 34ರ ವಯಸ್ಸಿನಲ್ಲಿ, 2022ರಲ್ಲಿ, ನಾಲ್ಕನೇ ಬಾರಿ ಚಾಂಪಿಯನ್ ಆದ.

ಫಲಿತಾಂಶ ಗೊತ್ತಿರುವ ನಮಗೆ ಅಂದು ಕೂಗಿದ ಜನ ದಡ್ಡರಂತೆ ಕಾಣಬಹುದು. ಆದರೆ ಕರಿಯ ಕಾಲು ಮೂರನೇ ಸಲ ಕೈಕೊಟ್ಟಿದ್ದರೆ ಅವರೇ ಜಾಣರಾಗುತ್ತಿದ್ದರು. ಅದೃಷ್ಟದ ಪಾಲೂ ಇತ್ತು ಎಂಬುದನ್ನು ಮರೆಯಬಾರದು. ಆದರೂ ಆ ತೀರ್ಮಾನದ ಹಿಂದಿನ ಪ್ರಶ್ನೆಗಳು ಸರಿಯಾಗಿದ್ದವು. ಇವತ್ತು ಯಾರ ಅಂಕ ಹೆಚ್ಚು ಎನ್ನುವುದರ ಜೊತೆಗೆ, ಯಾರ ವಿದ್ಯೆ ಹೆಚ್ಚು ದಿನ ಬಾಳುತ್ತದೆ, ಯಾರ ಕೊರತೆ ರಿಪೇರಿ ಆಗುವಂಥದ್ದು ಎಂದೂ ಕೇಳಬೇಕು. ತಾಲೂಕು ಮಟ್ಟದ ಆಯ್ಕೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದೇ ದಿನದ ಆಟ ನೋಡಿ ಪಟ್ಟಿ ಮಾಡುವವರೂ ಈ ಪ್ರಶ್ನೆಗಳನ್ನು ಕೇಳಿಕೊಂಡರೆ ಒಳ್ಳೆಯದು.