ಮುಸುವ ಎಂಬ ಮಾತು

ತರೀಕೆರೆಯಿಂದ ಲಕ್ಕವಳ್ಳಿಯತ್ತ ಹೋಗುವಾಗ, ಕೊಂಬೆಯ ಮೇಲೆ ಬಾಲವನ್ನು ಇಳಿಬಿಟ್ಟು ಕುಳಿತು, ಎಳೆಯ ಚಿಗುರನ್ನು ಒಂದೊಂದಾಗಿ ಕಿತ್ತು ಬಾಯಿಗಿಡುವ ಬೂದು ಮೈಯ, ಕರಿಮೋರೆಯ ಪ್ರಾಣಿಗೆ ಹಿರಿಯರು ಮುಸುವ ಎನ್ನುವರು; ಮಲೆನಾಡಿನ ಬಾಯಲ್ಲಿ ಅದೇ ಮುಸ್ಯ. ತಮಿಳಿನ ಮುಸು, ತುಳುವಿನ ಮುಜ್ಜು ಇದರ ದಾಯಾದಿಗಳಾದುದರಿಂದ, ಈ ಮಾತು ದಕ್ಷಿಣದ ನೆಲದಲ್ಲಿ ಅತಿ ಪ್ರಾಚೀನವಾದುದು. ಈಗ ಪತ್ರಿಕೆಗಳಲ್ಲಿ ಕಾಣುವ ಲಂಗೂರ್ ಎಂಬುದಾದರೋ ಹಿಂದಿಯ ಮೂಲಕ ಬಂದುದು. ಬಾಲವೆಂಬರ್ಥದ ಸಂಸ್ಕೃತ ಲಾಂಗೂಲವೇ ಅದರ ಮೂಲ. ಪದಗಳ ಚರಿತ್ರೆಯನ್ನು 'ಪದಾರ್ಥ ಚಿಂತಾಮಣಿ'ಯಲ್ಲಿ ಬಿಡಿಸಿಟ್ಟ ಪಾ.ವೆಂ. ಆಚಾರ್ಯರು ತಮಗೆ ಲಾಂಗೂಲಾಚಾರ್ಯ ಎಂಬ ಕಾವ್ಯನಾಮವನ್ನಿಟ್ಟುಕೊಂಡಿದ್ದರಷ್ಟೆ.

ಆದರೆ ಸಂಸ್ಕೃತದಲ್ಲಿ ಈ ಪ್ರಾಣಿಗಿದ್ದ ಪೂರ್ಣ ನಾಮ ಗೋಲಾಂಗೂಲ, ಹಸುವಿನ ಬಾಲದ್ದು ಎಂದು. ವಾಲ್ಮೀಕಿಯ ಕಪಿಸೇನೆಯಲ್ಲಿ ಗೋಲಾಂಗೂಲಗಳದು ಬೇರೆಯೇ ಒಂದು ಪಡೆ. ಗವಾಕ್ಷನು ಅವುಗಳ ಯೂಥಪತಿ. ಅಜ್ಜಂಪುರದ ಅಮೃತಮಹಲ್ ಕಾವಲಿನಲ್ಲಿ ಮೇಯುವ ದನಗಳ ನೀಳವಾದ ಬಾಲವನ್ನು ನೋಡಿ, ಅನಂತರ ಮೈಗಿಂತಲೂ ಉದ್ದವಾದ ಮುಸುವನ ಬಾಲವನ್ನು ನೋಡಿದವರಿಗೆ ಈ ಹೆಸರಿನ ಔಚಿತ್ಯವು ಹೊಳೆಯದಿರದು. ನನ್ನನ್ನು ಬೆರಗುಗೊಳಿಸುವುದು ಇನ್ನೊಂದು: ಹೆಸರಿಟ್ಟವರು ಕಂಡುದು ಬಾಲವನ್ನು ಮಾತ್ರವಾದರೂ, ಗೋಸಾಮ್ಯವು ಹೊಟ್ಟೆಯೊಳಗೂ ಇದೆ. ಮುಸುವನ ಜಠರವು ಅರೆಅರೆಯಾಗಿ ವಿಭಕ್ತವಾಗಿದ್ದು, ನಾರುಳ್ಳ ಎಲೆಯು ಅಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗಿ ಜೀರ್ಣವಾಗುವ ಕ್ರಮ ಹಸುವಿನ ಹೊಟ್ಟೆಯದನ್ನೇ ಹೋಲುತ್ತದೆ. ಕಡೂರಿನ ಸಂತೆಯಲ್ಲಿ ಕಡಲೆಕಾಯಿಯನ್ನು ಕಸಿದು ದವಡೆಯ ಚೀಲಕ್ಕೆ ತುಂಬಿಕೊಂಡು ಓಡುವ ಕೋಡಗಕ್ಕೆ ಅಂಥ ಜಠರವಿಲ್ಲ. ಮುಸುವನಿಗೆ ಆ ದವಡೆಚೀಲವಿಲ್ಲ.

ಇಷ್ಟು ಭಿನ್ನವಾದ ಎರಡು ಜೀವಗಳನ್ನು ಮಂಗವೆಂಬ ಒಂದೇ ಮಾತಿನಲ್ಲಿ ಅಡಗಿಸುವ ರೂಢಿ ಬೆಳೆಯುತ್ತಿರುವುದು ನನಗೆ ವ್ಯಥೆಯನ್ನುಂಟುಮಾಡುತ್ತದೆ. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಉಣ್ಣೆಗಳಿಂದ ಹರಡುವ ಜ್ವರವು ಗುರುತಿಗೆ ಬಂದಾಗ, ಸತ್ತು ಬಿದ್ದವುಗಳಲ್ಲಿ ಕೋಡಗಗಳ ಜೊತೆಗೆ ಮುಸುವಗಳೂ ಇದ್ದುವು; ರೋಗದ ಹೆಸರು ಮಾತ್ರ ಮಂಗನ ಕಾಯಿಲೆ ಎಂದೇ ನಿಂತಿತು. ಸೊಪ್ಪಿಗೆಂದು ಕಾಡಿಗೆ ಹೋದವನು ಊರಿಗೆ ಮರಳಿ, ಮಂಗ ಸತ್ತಿದೆ ಎನ್ನದೆ, ಮುಸುವ ಸತ್ತಿದೆ ಎಂದು ಹೇಳುವಷ್ಟು ಕಾಲ ಈ ಮಾತು ನಮ್ಮ ತಾಲ್ಲೂಕುಗಳಲ್ಲಿ ಬಾಳಬೇಕೆಂಬುದು ನನ್ನ ಆಸೆ.