ಕೆಲಸ ಬಿಡುವುದೇ ಅಪರಾಧವಾಗಿದ್ದ ಕಾಲ



ಈ ವರ್ಷ ನಮ್ಮ ಯುವ ಸಂಘಟನೆಯ ಇಬ್ಬರು ಕೆಲಸ ಬಿಟ್ಟು ಊರಿಗೆ ಬಂದಿದ್ದಾರೆ. ಒಬ್ಬರು ಬೆಂಗಳೂರಿನ ಕಂಪನಿಯೊಂದರಿಂದ, ಇನ್ನೊಬ್ಬರು ಮಂಗಳೂರಿನ ಲ್ಯಾಬ್ ಒಂದರಿಂದ. ಕಾರಣ ಹೆಚ್ಚು ಕಡಿಮೆ ಒಂದೇ. ಮೋಂತಿ ಹಬ್ಬಕ್ಕೆ ರಜೆ ಕೇಳಿದರೆ ಅದು ಸರಕಾರಿ ರಜೆಯ ಪಟ್ಟಿಯಲ್ಲಿ ಇಲ್ಲ ಎಂದರು, ಕ್ರಿಸ್ಮಸ್ಸಿಗೆ ಕೇಳಿದರೆ ಆಗ ಜನ ಕಡಿಮೆ ಎಂದರು, ಕೊನೆಗೆ ಅಜ್ಜಿಯ ತಿಂಗಳ ಪೂಜೆಗೆ ಎರಡು ದಿನ ಕೇಳಿದಾಗ ಉತ್ತರವನ್ನೇ ಕೊಡಲಿಲ್ಲ. ಮನೆಯಲ್ಲಿ ಬೇಸರ ಇದೆ. ಸಾಲ ಮಾಡಿ ಓದಿಸಿದವರಿಗೆ ಬೇಸರ ಆಗದೆ ಇರುತ್ತದೆಯೇ? “ನಮ್ಮ ಕಾಲದಲ್ಲಿ ಒಂದು ರಜೆಗಾಗಿ ಯಾರೂ ಕೆಲಸ ಬಿಡುತ್ತಿರಲಿಲ್ಲ” ಎಂಬ ಮಾತು ಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಿಂತಾಗಲೂ ಕೇಳಿಬಂತು. ಹಾಗಾದರೆ ಆ ಕಾಲದಲ್ಲಿ, ಅದಕ್ಕೂ ಹಿಂದಿನ ಕಾಲದಲ್ಲಿ, ರಜೆ ಕೇಳುವುದು ಮತ್ತು ಕೆಲಸ ಬಿಡುವುದು ಹೇಗಿತ್ತು ಎಂದು ನಾವು ಕೆಲವರು ಕೂತು ಓದಿ ನೋಡಿದೆವು. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಾವು ಇತಿಹಾಸದ ವಿದ್ಯಾರ್ಥಿಗಳಲ್ಲ, ವಿಜ್ಞಾನ ಓದಿದವರು. ಆದರೂ ಇದು ನಮ್ಮದೇ ಕತೆ.

ರಜೆ ಅರ್ಜಿಯ ಹಳೆಯ ಉದಾಹರಣೆ ಬೈಬಲಿನಲ್ಲೇ ಇದೆ, ನಾವು ಅದನ್ನು ಹಾಗೆ ಓದಿರುವುದಿಲ್ಲ ಅಷ್ಟೇ. ವಿಮೋಚನಕಾಂಡದ ಐದನೇ ಅಧ್ಯಾಯದಲ್ಲಿ ಮೋಶೆ ಮತ್ತು ಆರೋನರು ಫರೋಹನ ಹತ್ತಿರ ಮೊದಲು ಕೇಳಿದ್ದು ಬಿಡುಗಡೆಯನ್ನಲ್ಲ. ಮೂರು ದಿನದ ದಾರಿ ನಡೆದು ಹೋಗಿ ಹಬ್ಬ ಮಾಡಿ ಬಲಿ ಅರ್ಪಿಸಲು ಅನುಮತಿ ಕೇಳಿದರು. ಫರೋಹನು ನೀವು ಮೈಗಳ್ಳರು ಎಂದ. ಇಟ್ಟಿಗೆಗೆ ಬೇಕಾದ ಹುಲ್ಲನ್ನು ಇನ್ನು ನೀವೇ ಹುಡುಕಿ ತನ್ನಿ, ಆದರೆ ಇಟ್ಟಿಗೆಯ ಲೆಕ್ಕ ಒಂದೂ ಕಡಿಮೆಯಾಗಬಾರದು ಎಂದು ಆಜ್ಞೆ ಮಾಡಿದ. ಟಾರ್ಗೆಟ್ ಎಂಬ ಪದ ಆಗ ಇರಲಿಲ್ಲ, ವಸ್ತು ಇತ್ತು. ಮುಂದೆ ಏನಾಯಿತು ಎಂದು ನಿಮಗೆ ಗೊತ್ತು.

ಈಗ ನಮ್ಮ ದೇಶಕ್ಕೆ ಬರೋಣ. 1859ರಲ್ಲಿ ಬ್ರಿಟಿಷ್ ಸರಕಾರ ಕೆಲಸಗಾರರ ಕರಾರುಭಂಗ ಕಾಯ್ದೆ ಎಂಬುದನ್ನು ತಂದಿತು, ಆ ವರ್ಷದ 13ನೇ ಕಾಯ್ದೆ. ಕಲ್ಕತ್ತೆಯ ಯುರೋಪಿಯನ್ ವ್ಯಾಪಾರಿಗಳ ದೂರಿನಿಂದ ಹುಟ್ಟಿದ ಕಾನೂನು ಇದು. ಮೊದಲು ಕಲ್ಕತ್ತ, ಮದ್ರಾಸು, ಬೊಂಬಾಯಿ ನಗರಗಳಿಗೆ ಮಾತ್ರ ಇತ್ತು, ಆಮೇಲೆ ಬೇರೆ ಕಡೆಗೂ ಹರಡಿತು. ಅದರ ಸಾರ ಇಷ್ಟು: ಮುಂಗಡ ಹಣ ಪಡೆದ ಕೆಲಸಗಾರ ಸರಿಯಾದ ಕಾರಣವಿಲ್ಲದೆ ಕೆಲಸ ಬಿಟ್ಟರೆ ಧಣಿ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಹಣ ವಾಪಸು ಕೊಡು, ಇಲ್ಲವೇ ಹೋಗಿ ಕೆಲಸ ಮಾಡು ಎಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡುತ್ತಾರೆ. ಎರಡೂ ಮಾಡದಿದ್ದರೆ ಮೂರು ತಿಂಗಳವರೆಗೆ ಕಠಿಣ ಜೈಲು. ಧಣಿ ಮಾತು ತಪ್ಪಿದರೆ? ಅವನಿಗೆ ಈ ಕಾಯ್ದೆಯಲ್ಲಿ ಜೈಲಿನ ಮಾತೇ ಇಲ್ಲ. ಕೆಲಸಗಾರ ಬೇಕಾದರೆ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಲಿ.

ಮುಂಗಡ ಎಂದಾಗ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು ಘಟ್ಟ. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕು. ಕರಾವಳಿಯಲ್ಲಿ ಬೇಸಾಯದ ಕೆಲಸ ಮುಗಿಯುತ್ತಿದ್ದಂತೆ ಜನ ಗುಂಪು ಗುಂಪಾಗಿ ಘಟ್ಟ ಹತ್ತಿ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಹೋಗುತ್ತಿದ್ದರು, ಮಳೆಗಾಲಕ್ಕೆ ಮೊದಲು ಇಳಿದು ಬರುತ್ತಿದ್ದರು. ಕರೆದುಕೊಂಡು ಹೋಗುತ್ತಿದ್ದವರು ಮೇಸ್ತ್ರಿಗಳು. ಹೋಗುವ ಮೊದಲೇ ಕೈಗೆ ಮುಂಗಡ ಬರುತ್ತಿತ್ತು. ಅದು ಮದುವೆಗೋ, ಔಷಧಿಗೋ, ಹಳೆಯ ಸಾಲಕ್ಕೋ ಅಲ್ಲೇ ಕರಗಿಹೋಗುತ್ತಿತ್ತು. ಆಮೇಲೆ ತೋಟದಲ್ಲಿ ಜ್ವರ ಬಂದರೂ, ಊರಲ್ಲಿ ತಾಯಿ ಸತ್ತರೂ ಲೆಕ್ಕ ಚುಕ್ತಾ ಆಗದೆ ಹೊರಡುವ ಹಾಗಿಲ್ಲ. ಹೇಳದೆ ಹೊರಟರೆ ಅವನು “ಓಡಿಹೋದ ಆಳು”. 1903ರಲ್ಲಿ ಮದ್ರಾಸ್ ಸರಕಾರ ತೋಟದ ಮಾಲಕರಿಗಾಗಿಯೇ ಒಂದು ಪ್ರತ್ಯೇಕ ಕಾಯ್ದೆಯನ್ನೂ ಮಾಡಿತು. ನೀಲಗಿರಿ ಮತ್ತು ವಯನಾಡಿನ ತೋಟಗಳು ಅದರ ಅಡಿಯಲ್ಲಿ ಬಂದವು.

ಇನ್ನು ಊರಲ್ಲೇ ಇದ್ದ ಮೂಲದಾಳುಗಳ ವಿಷಯ. 1843ರಲ್ಲೇ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋಗಿತ್ತು. ಆದರೆ ಮದುವೆಗೆ ಧಣಿ ಕೊಟ್ಟ ಸಾಲ ಇದ್ದಷ್ಟು ದಿನ ಆಳು ಧಣಿಯವನೇ, ಅವನ ಮಗನೂ ಹಾಗೆಯೇ. ಆ ವರ್ಗದಲ್ಲಿ ಮಕ್ಕಳಿಗೆ ಹುಟ್ಟಿದ ವಾರದ ಹೆಸರಿಡುವುದು ತುಳುನಾಡಿನ ರೂಢಿ. ಸೋಮವಾರ ಹುಟ್ಟಿದವ ಸೋಮ, ಮಂಗಳವಾರ ಅಂಗಾರ, ಶುಕ್ರವಾರ ತುಕ್ರ. ಭಾನುವಾರ, ಅಂದರೆ ಐತಾರ ಹುಟ್ಟಿದವನು ಐತ. ಹೆಸರಿನಲ್ಲೇ ಭಾನುವಾರ ಇಟ್ಟುಕೊಂಡ ಎಷ್ಟು ಮಂದಿ ಐತಂದಿರು ಒಂದು ಭಾನುವಾರದ ವಿರಾಮವನ್ನೂ ಕಾಣದೆ ತೀರಿಹೋಗಿರಬಹುದು ಎಂದು ನಮಗೆ ಅನಿಸಿತು.

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಏನಾಗಿತ್ತು ನೋಡಿ. ಅಲ್ಲಿ 14ನೇ ಶತಮಾನದಲ್ಲಿ ದೊಡ್ಡ ಪ್ಲೇಗ್ ಬಂದು ಜನ ಸತ್ತು ಆಳುಗಳು ಸಿಗದೆ ಹೋದಾಗ, ಕೆಲಸ ಬಿಟ್ಟು ಹೋಗುವವರನ್ನು ಶಿಕ್ಷಿಸುವ ಕಾನೂನು ಮಾಡಿದ್ದರು. ಅದರ ಮರಿಗಳು ಐನೂರು ವರ್ಷ ಬದುಕಿದವು. 1875ರಲ್ಲಿ ಅಲ್ಲಿನ ಪಾರ್ಲಿಮೆಂಟು ಅದನ್ನು ಕೊನೆಗೊಳಿಸಿತು, ಕೆಲಸ ಬಿಡುವುದು ಅಪರಾಧವಲ್ಲ, ಬರೇ ಸಿವಿಲ್ ವಿಷಯ ಎಂದಿತು. ಅದೇ ಪಾರ್ಲಿಮೆಂಟಿನ ಕೈಕೆಳಗಿನ ನಮ್ಮ ದೇಶದಲ್ಲಿ ಮಾತ್ರ ಜೈಲಿನ ಶಿಕ್ಷೆ ಮತ್ತೂ ಐವತ್ತು ವರ್ಷ ಉಳಿಯಿತು.

ಆ ಐವತ್ತು ವರ್ಷದಲ್ಲಿ ಅತಿ ಕೆಟ್ಟ ಸ್ಥಿತಿ ಇದ್ದದ್ದು ಅಸ್ಸಾಮಿನ ಚಹಾ ತೋಟಗಳಲ್ಲಿ. ಅಲ್ಲಿ ಓಡಿಹೋದ ಆಳನ್ನು ವಾರಂಟ್ ಇಲ್ಲದೆ ತೋಟದ ಮಾಲಕನೇ ಹಿಡಿಯಬಹುದು ಎಂಬ ಅಧಿಕಾರವನ್ನು 1865ರಲ್ಲಿ ಕಾನೂನೇ ಕೊಟ್ಟಿತ್ತು. 1908ರವರೆಗೂ ಅದು ಇತ್ತು. ಮೊದಲ ಮಹಾಯುದ್ಧದ ನಂತರ ಅಕ್ಕಿ, ಬಟ್ಟೆಯ ಬೆಲೆ ಏರಿತು, ಕೂಲಿ ಏರಲಿಲ್ಲ. 1921ರ ಮೇ ತಿಂಗಳಲ್ಲಿ ಚರಗೋಲ ಕಣಿವೆಯ ತೋಟಗಳಿಂದ ಸಾವಿರಾರು ಜನ, ಹೆಂಗಸರು ಮಕ್ಕಳು ಸಮೇತ, ಎದ್ದು ನಡೆಯತೊಡಗಿದರು. “ಮುಲುಕ್ ಚಲೋ” ಎಂದು ಅದಕ್ಕೆ ಹೆಸರು, ಊರಿಗೆ ಹೋಗೋಣ ಎಂದು ಅರ್ಥ. ಕರೀಂಗಂಜಿಗೆ ನಡೆದು ಬಂದು, ಅಲ್ಲಿಂದ ಹೇಗೋ ಚಾಂದ್‌ಪುರ ತಲುಪಿದರು. ಚಾಂದ್‌ಪುರ ಈಗ ಬಾಂಗ್ಲಾದೇಶದಲ್ಲಿದೆ. ಅಲ್ಲಿ ಸ್ಟೀಮರ್ ಹತ್ತಿದರೆ ಮಾತ್ರ ಮುಂದೆ ಊರಿನ ದಾರಿ. ಮೇ 20ರ ರಾತ್ರಿ ರೈಲು ನಿಲ್ದಾಣದಲ್ಲಿ ಮಲಗಿದ್ದ ಆ ಜನರ ಮೇಲೆ ಗೂರ್ಖಾ ಸೈನಿಕರನ್ನು ಬಿಟ್ಟು ಹೊಡೆಸಿದರು. ಆಮೇಲೆ ಕಾಲರಾ ಬಂತು, ಬಹಳ ಮಂದಿ ಅಲ್ಲೇ ಸತ್ತರು. ಆದರೆ ಸುದ್ದಿ ಹಬ್ಬಿದಾಗ ಅಸ್ಸಾಂ ಬಂಗಾಳ ರೈಲ್ವೆಯ ನೌಕರರು ಮತ್ತು ಸ್ಟೀಮರಿನ ಕೆಲಸಗಾರರು, ಈ ಕೂಲಿಗಳಿಗೂ ತಮಗೂ ಯಾವ ಸಂಬಂಧವೂ ಇಲ್ಲದಿದ್ದರೂ, ಕೆಲಸ ನಿಲ್ಲಿಸಿದರು. ಸಿ. ಎಫ್. ಆಂಡ್ರೂಸ್ ಅವರು ಚಾಂದ್‌ಪುರಕ್ಕೆ ಬಂದು ಈ ಜನರ ಜೊತೆ ನಿಂತರು. ಗಾಂಧೀಜಿಯ ಗೆಳೆಯ ಎಂದಷ್ಟೇ ಶಾಲೆಯಲ್ಲಿ ನಾವು ಓದಿದ್ದ ಆಂಡ್ರೂಸರು ಇವರೇ.

ಆ ಜನರಿಗೆ ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ, ಉಳಿತಾಯ ಇರಲಿಲ್ಲ, ಊರಲ್ಲಿ ಹೊಲ ಇದೆಯೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಅವರು ಅವಸರಪಟ್ಟರು, ತಾಳ್ಮೆ ಇರಲಿಲ್ಲ ಎಂದು ಇವತ್ತು ಯಾರಾದರೂ ಹೇಳುತ್ತಾರೆಯೇ?

ನಾಲ್ಕು ವರ್ಷದ ನಂತರ, 1925ರಲ್ಲಿ, 1859ರ ಕಾಯ್ದೆಯನ್ನು ರದ್ದು ಮಾಡುವ ಮಸೂದೆ ಅಂಗೀಕಾರವಾಯಿತು. 1926ರ ಎಪ್ರಿಲ್ 1ರಿಂದ ಅದು ಜಾರಿಗೆ ಬಂತು. ಅಂದರೆ ನಮ್ಮ ಮುತ್ತಜ್ಜಂದಿರು ಪ್ರಾಯದ ಹುಡುಗರಾಗಿದ್ದಾಗ, ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟವನಿಗೆ ಜೈಲಿನ ಭಯ ಇತ್ತು. ನಮ್ಮ ಕಾಲದಲ್ಲಿ ಯಾರೂ ಬಿಡುತ್ತಿರಲಿಲ್ಲ ಎಂಬ ಮಾತು ಮನೆಗಳಲ್ಲಿ ಎಲ್ಲಿಂದ ಇಳಿದು ಬಂದಿರಬಹುದು ಎಂದು ಇಲ್ಲಿ ಸ್ವಲ್ಪ ಹೊಳೆಯುತ್ತದೆ. ಹಸಿವಿನ ಭಯವಂತೂ ಆಮೇಲೆಯೂ ಇತ್ತು.

ಇನ್ನು ರಜೆಯ ಕತೆ. ವಾರದ ರಜೆ ಮಿಷನರಿಗಳಿಂದ, ಬ್ರಿಟಿಷರಿಂದ ತಾನಾಗಿ ಬಂತು ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಬೊಂಬಾಯಿಯ ಬಟ್ಟೆ ಮಿಲ್ಲುಗಳ ಧಣಿಗಳಲ್ಲಿ ಕ್ರೈಸ್ತರೂ ಇದ್ದರು, ಆದರೂ ಅಲ್ಲಿ ಆಳುಗಳಿಗೆ ವಾರದ ರಜೆ ಇರಲಿಲ್ಲ. ಅದನ್ನು ಕೇಳಿ ಪಡೆದವರು ನಾರಾಯಣ ಮೇಘಾಜಿ ಲೋಖಂಡೆ. ಜ್ಯೋತಿಬಾ ಫುಲೆಯವರ ಒಡನಾಡಿ, “ದೀನಬಂಧು” ಪತ್ರಿಕೆಯ ಸಂಪಾದಕರು. 1884ರಲ್ಲಿ ಅವರು ಮಿಲ್ ಕೆಲಸಗಾರರನ್ನು ಸೇರಿಸಿ ಸಭೆ ಮಾಡಿ, 5,500 ಮಂದಿಯ ಸಹಿ ಇರುವ ಮನವಿ ಸಿದ್ಧ ಮಾಡಿದರು. ಕೇಳಿದ್ದು ಏನು? ಭಾನುವಾರ ರಜೆ. ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಬೆಳಿಗ್ಗೆ ಆರೂವರೆಯಿಂದ ಸೂರ್ಯ ಮುಳುಗುವವರೆಗೆ ಮಾತ್ರ ಕೆಲಸ. ಹಿಂದಿನ ತಿಂಗಳ ಸಂಬಳ 15ನೇ ತಾರೀಕಿನೊಳಗೆ ಕೈಗೆ ಬರಬೇಕು. ಓದುವಾಗ ನಾಚಿಕೆಯಾಗುತ್ತದೆ, ಇಷ್ಟನ್ನೂ ಕೇಳಬೇಕಾಗಿತ್ತೇ ಎಂದು. ಭಾನುವಾರವೇ ಯಾಕೆ ಎಂಬುದಕ್ಕೆ ಲೋಖಂಡೆಯವರ ಬಳಿ ತಮ್ಮದೇ ಕಾರಣ ಇತ್ತು, ಅದು ಖಂಡೋಬಾ ದೇವರ ವಾರ. 1890ರ ಎಪ್ರಿಲ್ 24ರಂದು ಹತ್ತು ಸಾವಿರ ಕೆಲಸಗಾರರು ಸೇರಿದ ಸಭೆಯಲ್ಲಿ ಇಬ್ಬರು ಹೆಂಗಸರೂ ನಿಂತು ಮಾತಾಡಿದರು. ಜೂನ್ 10ರಂದು ಮಿಲ್ ಮಾಲಕರ ಸಂಘ ಭಾನುವಾರದ ರಜೆಗೆ ಒಪ್ಪಿಕೊಂಡಿತು.

ಮರುವರ್ಷ, 1891ರಲ್ಲಿ, ಕಾರ್ಖಾನೆ ಕಾಯ್ದೆಯೇ ವಾರಕ್ಕೊಂದು ರಜೆಯನ್ನು ಕಡ್ಡಾಯ ಮಾಡಿತು. ಇದರಲ್ಲಿ ದಯೆ ಎಷ್ಟಿತ್ತೋ, ಇಂಗ್ಲೆಂಡಿನ ಲ್ಯಾಂಕಶೈರ್ ಮಿಲ್ಲುಗಳ ಒತ್ತಡವೂ ಅಷ್ಟೇ ಇತ್ತು. ಬೊಂಬಾಯಿಯ ಅಗ್ಗದ ನೂಲು ಅವರ ಹೊಟ್ಟೆಗೆ ಹೊಡೆಯುತ್ತಿತ್ತು. ಅದೇ ವರ್ಷದ ಮೇ 15ರಂದು ಹದಿಮೂರನೇ ಲಿಯೋ ಪೋಪರು “ರೇರುಂ ನೊವಾರುಂ” ಪತ್ರವನ್ನು ಬರೆದರು. ವಿರಾಮವನ್ನು ಬಿಟ್ಟುಕೊಡು ಎಂದು ಕೆಲಸಗಾರನನ್ನು ಕೇಳುವುದೂ ಸರಿಯಲ್ಲ, ಬಿಟ್ಟುಕೊಡುತ್ತೇನೆ ಎಂದು ಅವನು ಮಾತು ಕೊಡುವುದೂ ಸರಿಯಲ್ಲ ಎಂಬ ಅರ್ಥದ ವಿಚಾರ ಅದರಲ್ಲಿದೆ. ಧರ್ಮೋಪದೇಶ ತರಗತಿಯಲ್ಲಿ ಈ ಪತ್ರದ ಹೆಸರು ಕೇಳಿದ್ದೇವೆ, ಈ ಭಾಗವನ್ನು ಯಾರೂ ಓದಿಸಿರಲಿಲ್ಲ.

ಸಂಬಳ ಸಮೇತ ವಾರ್ಷಿಕ ರಜೆ ಇನ್ನೂ ತಡವಾಗಿ ಬಂತು. ಫ್ರಾನ್ಸಿನಲ್ಲಿ 1936ರ ದೊಡ್ಡ ಮುಷ್ಕರದ ನಂತರ ಎರಡು ವಾರದ ರಜೆ ಕಾನೂನಾಯಿತು. ನಮ್ಮಲ್ಲಿ 1945ರ ತಿದ್ದುಪಡಿ ಕಾರ್ಖಾನೆ ಕೆಲಸಗಾರರಿಗೆ ವರ್ಷಕ್ಕೆ ಹತ್ತು ದಿನ ಕೊಟ್ಟಿತು, ಆಗ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ಇದ್ದದ್ದು ಡಾ. ಅಂಬೇಡ್ಕರರ ಕೈಯಲ್ಲಿ. 1948ರ ಕಾಯ್ದೆಯ ಲೆಕ್ಕ ಇದಾಗಿತ್ತು: ವರ್ಷದಲ್ಲಿ 240 ದಿನ ದುಡಿದವರಿಗೆ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳದ ರಜೆ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಸಂಹಿತೆಯಲ್ಲಿ ಆ 240ನ್ನು 180ಕ್ಕೆ ಇಳಿಸಿದ್ದಾರೆ. ಕರ್ನಾಟಕದ ಅಂಗಡಿ, ಆಫೀಸುಗಳ 1961ರ ಕಾಯ್ದೆಯಲ್ಲೂ 20ಕ್ಕೆ ಒಂದರ ಲೆಕ್ಕವೇ ಇದೆ.

1948ರ ಕಾಯ್ದೆಯ 79ನೇ ಕಲಮಿನಲ್ಲಿ ಒಂದು ಸಣ್ಣ ಮಾತು ಇತ್ತು, ನಮ್ಮ ಇಬ್ಬರು ಗೆಳೆಯರಿಗೂ ಅದನ್ನು ತೋರಿಸಿದೆವು. ಉಳಿದ ರಜೆಯನ್ನು ಮುಂದಿನ ವರ್ಷಕ್ಕೆ ಒಯ್ಯಲು ಸಾಮಾನ್ಯವಾಗಿ 30 ದಿನದ ಮಿತಿ ಇತ್ತು. ಆದರೆ ಕೆಲಸಗಾರ ನಿಯಮದ ಪ್ರಕಾರ ಬರವಣಿಗೆಯಲ್ಲಿ ಕೇಳಿ, ಧಣಿ ಕೊಡದೆ ಇದ್ದ ರಜೆಗೆ ಯಾವ ಮಿತಿಯೂ ಇರಲಿಲ್ಲ, ಅದು ಅವನ ಲೆಕ್ಕದಲ್ಲಿ ಉಳಿದೇ ಇರುತ್ತಿತ್ತು. ಬಾಯಿಮಾತಿನಲ್ಲಿ ಕೇಳಿ ಬಾಯಿಮಾತಿನಲ್ಲಿ ಇಲ್ಲ ಎನ್ನಿಸಿಕೊಂಡರೆ ಲೆಕ್ಕಕ್ಕೆ ಬರುವುದು ಕಷ್ಟ. ಈ ಕಲಮು ಕಾರ್ಖಾನೆಯವರದ್ದಾಗಿತ್ತು, ಆದರೂ ಬರೆದು ಕೇಳುವ ಅಭ್ಯಾಸ ಎಲ್ಲ ಕೆಲಸದಲ್ಲೂ ಒಳ್ಳೆಯದು.

ಮುಂಗಡದ ಜಾಗಕ್ಕೆ ಈಗ ಬಾಂಡ್ ಬಂದಿದೆ. ಎರಡು ವರ್ಷದೊಳಗೆ ಬಿಟ್ಟರೆ ಇಷ್ಟು ಲಕ್ಷ ಕೊಡಬೇಕು ಎಂದು ಸಹಿ ಹಾಕಿಸಿಕೊಳ್ಳುತ್ತಾರೆ, ಕೆಲವರು ಮೂಲ ಸರ್ಟಿಫಿಕೇಟನ್ನೇ ಇಟ್ಟುಕೊಳ್ಳುತ್ತಾರೆ. ಬಾಂಡ್ ಇದ್ದರೆ ನಷ್ಟಪರಿಹಾರ ಕೇಳುವ ದಾರಿ ಕಂಪನಿಗೆ ಇದೆ, ಅದನ್ನು ಸುಳ್ಳು ಹೇಳಿ ಸಮಾಧಾನ ಮಾಡುವುದಿಲ್ಲ. ಆದರೆ ವೈಯಕ್ತಿಕ ಸೇವೆಯ ಕರಾರನ್ನು ಹಿಡಿದು ಒಬ್ಬನನ್ನು ಬಲವಂತವಾಗಿ ಕೆಲಸಕ್ಕೆ ಕೂರಿಸುವಂತೆ ಯಾವ ಕೋರ್ಟೂ ಆಜ್ಞೆ ಮಾಡುವುದಿಲ್ಲ. ಸಂವಿಧಾನದ 23ನೇ ವಿಧಿ ಮತ್ತು 1976ರ ಜೀತ ನಿರ್ಮೂಲನ ಕಾಯ್ದೆ ಇರುವುದೂ ಅದಕ್ಕೇ. ಸಹಿ ಹಾಕುವ ಮೊದಲು ಆ ಕಾಗದವನ್ನು ಮನೆಯವರ ಜೊತೆ ಕೂತು ಓದಿ ಎಂದು ಈ ವರ್ಷ ಡಿಗ್ರಿ ಮುಗಿಸುತ್ತಿರುವವರಿಗೆ ಹೇಳುತ್ತೇವೆ.

ಬಿಟ್ಟು ಬರುವುದೊಂದೇ ದಾರಿ ಎಂದು ಯಾರೂ ತಿಳಿಯಬಾರದು, ಹಾಗಾಗಿ ನಮ್ಮ ರಾಜ್ಯದ್ದೇ ಇನ್ನೊಂದು ವಿಷಯ. ಕೋಯಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ದುಡಿಯುವ ಹೆಂಗಸರನ್ನು ಪಿ. ವಿಜಿ ಎಂಬವರು, ಅವರೂ ದರ್ಜಿ ಕೆಲಸದವರೇ, “ಪೆಣ್‌ಕೂಟ್ಟ್” ಎಂಬ ಹೆಸರಿನಲ್ಲಿ ಸೇರಿಸಿದರು. ದಿನವಿಡೀ ನಿಂತೇ ಇರಬೇಕು, ಗಿರಾಕಿ ಇಲ್ಲದಾಗಲೂ ಕೂರುವ ಹಾಗಿಲ್ಲ, ಶೌಚಾಲಯವೂ ಇಲ್ಲ ಎಂಬುದು ಅವರ ದೂರು. ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳದ ಅಂಗಡಿ ಕಾಯ್ದೆಗೆ ತಿದ್ದುಪಡಿಯಾಗಿ, ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕು ಎಂದಾಯಿತು. ಕಾಸರಗೋಡಿನ ಬಟ್ಟೆ ಅಂಗಡಿಗೆ ಹೋದಾಗ ಕೌಂಟರಿನ ಹಿಂದೆ ಒಮ್ಮೆ ಇಣುಕಿ ನೋಡಿ. ಕೆಲವು ಕಡೆ ಸ್ಟೂಲ್ ಇದೆ, ಕೆಲವು ಕಡೆ ಇನ್ನೂ ಇಲ್ಲ.